ಕಿರುಬೆರಳಿನ ದೂರು

ಏನ್ರೀ ಅದು, ಸೈಕಲ್ ಗೇಟಿನೊಳಗೆ ತಂದಾಗಿನಿಂದ ಕೈ ಒದರ್ತಾನೇ ಇದ್ದೀರಿ? ಒದರೋದು, ಮುಷ್ಟಿ ಕಟ್ಟಿ ಬಿಚ್ಚೋದು, ಮತ್ತೆ ಒದರೋದು. ಕರಿಬೇವಿಗೆ ನೀರು ಹಾಕೋ ನೆಪದಲ್ಲಿ ಆಗಿನಿಂದ ನೋಡ್ತಾ ನಿಂತಿದ್ದೀನಿ. ಜೋಮು ಹಿಡಿದಿದೆ ತಾನೆ? ಬನ್ನಿ ಇಲ್ಲಿ ಕಾಂಪೌಂಡ್ ಹತ್ರ. ನೀವೊಬ್ಬರೇ ಅಲ್ಲ, ಸೈಕಲ್ಲನ್ನೂ ತಳ್ಳಿಕೊಂಡು ಬನ್ನಿ. ಔಷಧಿ ಬೇಕಾಗಿರೋದು ಅದಕ್ಕೆ.

ಮೊದಲು ಯಾವ ಬೆರಳು ಹೇಳಿ. ಕಿರುಬೆರಳು ಪೂರ್ತಿ, ಉಂಗುರಬೆರಳಿನಲ್ಲಿ ಈ ಕಡೆ ಅರ್ಧ? ಆ ಕಡೆ ಅರ್ಧಕ್ಕೆ ಏನೂ ಆಗಿಲ್ಲ? ಅಲ್ಲಿಗೆ ಗೊತ್ತಾಯಿತು ಬಿಡಿ. ಆ ಒಂದು ಬೆರಳನ್ನು ಎರಡು ನರಗಳು ಹಿಸ್ಸೆ ಮಾಡಿಕೊಂಡಿವೆ, ಅಣ್ಣ ತಮ್ಮಂದಿರು ನಡುಮನೆಗೆ ಗೋಡೆ ಎಬ್ಬಿಸಿಕೊಂಡ ಹಾಗೆ. ಕಿರುಬೆರಳಿನ ಕಡೆಯ ಪಾಲು ಅಲ್ನಾರ್ ಅನ್ನೋ ನರದ್ದು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಮಿಕ್ಕ ಅರ್ಧ ಉಂಗುರಬೆರಳು ಮೀಡಿಯನ್ ನರದ್ದು. ನಿಮ್ಮ ಜಗಳ ಮೊದಲನೆಯವನ ಜೊತೆ. ಬಾಗಿಲ ಚೌಕಟ್ಟಿಗೆ ಮೊಣಕೈ ತಾಗಿದಾಗ ಝುಂ ಅಂತ ಕರೆಂಟ್ ಹೊಡೀತದಲ್ಲ, ಅದೇ ಆಸಾಮಿ. ಕತ್ತಿನಿಂದ ಹೊರಟು ಮೊಣಕೈ ಹಿಂದೆ ಹಾದು ಅಂಗೈ ಬುಡಕ್ಕೆ ಬಂದು ಬೆರಳು ಸೇರ್ತಾನೆ.

ಅಂಗೈ ಬುಡದಲ್ಲಿ, ಕಿರುಬೆರಳಿನ ಕಡೆ, ಮಣಿಕಟ್ಟಿನ ಗೆರೆ ಮೇಲೆ ಒತ್ತಿ ನೋಡಿ. ಬಟಾಣಿ ಗಾತ್ರದ ಒಂದು ಮೂಳೆ ಸಿಗುತ್ತೆ. ಸಿಕ್ಕಿತಾ? ಅಲ್ಲಿಂದ ಸ್ವಲ್ಪ ಮುಂದೆ, ಒಳಗಡೆಗೆ, ಕೊಕ್ಕೆ ಇರೋ ಇನ್ನೊಂದು ಮೂಳೆ ಇದೆ. ಇವೆರಡರ ಸಂದಿಯಲ್ಲಿ ನುಸುಳಿ ಹೋಗಬೇಕು ನಮ್ಮ ನರ. ಮೇಲೆ ಕಾಪಾಡೋಕೆ ಇರೋದು ಚರ್ಮ, ಒಂದಿಷ್ಟು ಕೊಬ್ಬು, ಹಾಳೆ ದಪ್ಪದ ಸ್ನಾಯು, ಇಷ್ಟೇ. ಬಡಪಾಯಿ ನರ. ನೀವು ಹ್ಯಾಂಡಲ್ ಮೇಲೆ ಮೈಭಾರ ಊರೋದು ಸರಿಯಾಗಿ ಆ ಸಂದಿಯ ಮೇಲೆ.

ಈ ಸಂದಿಗೆ ಡಾಕ್ಟರುಗಳು ಗುಯೋನ್ ಕಾಲುವೆ ಅಂತಾರೆ. ಫೆಲಿಕ್ಸ್ ಗುಯೋನ್ ಅಂತ ಪ್ಯಾರಿಸ್ಸಿನ ಸರ್ಜನ್, 1861ರಲ್ಲಿ ಇದನ್ನು ವಿವರಿಸಿದವರು. ತಮಾಷೆ ಏನು ಗೊತ್ತಾ? ಆಮೇಲೆ ಅವರು ದೊಡ್ಡ ಹೆಸರು ಮಾಡಿದ್ದು ಮೂತ್ರಕೋಶದ ಡಾಕ್ಟರಾಗಿ. ಅದೇ ದಶಕದಲ್ಲಿ, ಅದೇ ಪ್ಯಾರಿಸ್ಸಿನಲ್ಲಿ, ಮಿಶೋ ಅನ್ನೋ ಕಮ್ಮಾರರ ಮನೆತನ ಮುಂದಿನ ಚಕ್ರಕ್ಕೆ ಪೆಡಲ್ ಕೂರಿಸಿ ಸೈಕಲ್ ಮಾಡಿ ಮಾರ್ತಿತ್ತು. ಮರದ ಚಕ್ರ, ಅದರ ಮೇಲೆ ಕಬ್ಬಿಣದ ಪಟ್ಟಿ. ಇಂಗ್ಲಿಷರು ಆ ಗಾಡಿಗೆ ಮೂಳೆ ಅಲುಗಿಸೋದು ಅಂತಲೇ ಅಡ್ಡಹೆಸರು ಇಟ್ಟರು. ನರ ಎಲ್ಲಿ ಹಾದು ಹೋಗುತ್ತೆ ಅಂತ ಕಂಡವರೂ, ಅದನ್ನು ಜಜ್ಜೋ ಯಂತ್ರ ಕಟ್ಟಿದವರೂ ಒಂದೇ ಊರಲ್ಲಿ ಇದ್ದರು ನೋಡಿ.

ಇರಲಿ, ಈಗ ಒಂದು ಪರೀಕ್ಷೆ. ಇವತ್ತಿನ ಪೇಪರ್ ಕೊಡಿ ಇಲ್ಲಿ. ಒಳಗಿನ ಹಾಳೆ ಸಾಕು, ಜಾಹೀರಾತಿನದು. ಹೆಬ್ಬೆರಳಿಗೂ ತೋರುಬೆರಳಿನ ಪಕ್ಕಕ್ಕೂ ನಡುವೆ ಗಟ್ಟಿಯಾಗಿ ಹಿಡೀರಿ, ನಾನು ಎಳೀತೀನಿ. ಹೆಬ್ಬೆರಳು ನೆಟ್ಟಗೇ ಇದೆ, ಒಳ್ಳೇದು. ಆ ನರ ಸೋತಿದ್ದರೆ ಹೆಬ್ಬೆರಳಿನ ತುದಿ ಗೆಣ್ಣು ಮಡಚಿಕೊಂಡು ಬಿಡುತ್ತೆ. ಬರೀ ಜೋಮು ಆದರೆ ಹೆದರೋದು ಬೇಡ, ಸಾಮಾನ್ಯವಾಗಿ ತಾನೇ ಇಳಿದು ಹೋಗುತ್ತೆ. ಆದರೆ ಶರ್ಟಿನ ಗುಂಡಿ ಹಾಕೋಕೆ ಬೆರಳು ಬರೋದಿಲ್ಲ, ಬೀಗದ ಕೈ ತಿರುಗಿಸೋಕೆ ಆಗೋದಿಲ್ಲ, ಬೆರಳು ಅಗಲಿಸೋಕೆ ಆಗೋದಿಲ್ಲ ಅಂತಾದರೆ ನನ್ನ ಹತ್ರ ಅಲ್ಲ, ಡಾಕ್ಟರ್ ಹತ್ರ ಹೋಗಬೇಕು. ನಿಮಗೆ ಶುಗರ್ ಬೇರೆ ಇದೆ. ಶುಗರ್ ಇರೋವರ ನರ ಒತ್ತಡಕ್ಕೆ ಬೇಗ ಸೋಲುತ್ತೆ. ಬರ್ತಾ ದಾರೀಲಿ ಮೈಸೂರು ಪಾಕ್ ತಿಂದಿರಾ ಅಂತ ನಾನು ಕೇಳೋದಿಲ್ಲ. ನಿಮ್ಮ ಮನೆಯವರು ಕಿಟಕಿಯಲ್ಲಿದ್ದಾರೆ.

ಆಯ್ತು, ಈಗ ಸೈಕಲ್ ವಿಷಯ. ನಿಮ್ಮ ತಂದೆಯವರ ಕಾಲದ ಹರ್ಕ್ಯುಲಿಸ್ ನೆನಪಿದೆಯಾ? ಮದ್ರಾಸಿನ ಟಿಐ ಕಂಪನಿ 1949ರಲ್ಲಿ ಶುರುವಾಗಿ ತಯಾರಿಸಿದ್ದು. ಆಮೇಲೆ ಅಟ್ಲಾಸ್ ಬಂತು, ಲುಧಿಯಾನದ ಹೀರೋ ಬಂತು. ಬಣ್ಣದ ಡಬ್ಬಿ ಬೇರೆ, ಸೈಕಲ್ ಒಂದೇ. ನಾವೆಲ್ಲ ಅದರಲ್ಲೇ ಒಳಪೆಡಲ್ ಹೊಡೆದು ಮಂಡಿ ಕಿತ್ತುಕೊಂಡವರು. ಪೋಸ್ಟಿನವರು, ಹಾಲಿನವರು, ಮೇಷ್ಟ್ರು ಎಲ್ಲರೂ ಅದನ್ನೇ ತುಳಿದರು. ಹಿಂದೆ ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ, ಮುಂದೆ ಬಾರ್ ಮೇಲೆ ಮಗ. ಮಂಡಿ ನೋವು, ಸೊಂಟ ನೋವು ಅಂದವರನ್ನು ಕಂಡಿದ್ದೀನಿ. ಕಿರುಬೆರಳು ಮರಗಟ್ಟಿತು ಅಂದವರನ್ನು ನಾನಂತೂ ಕಾಣಲಿಲ್ಲ. ಯಾಕೆ? ಅವರ ಕೈ ಉಕ್ಕಿನದಾಗಿತ್ತಾ?

ಅಲ್ಲ ಸ್ವಾಮಿ. ಆ ಸೈಕಲ್ಲಿನ ಹ್ಯಾಂಡಲ್ ಸೀಟಿಗಿಂತ ಎತ್ತರ, ತುದಿ ಹಿಂದಕ್ಕೆ ಬಾಗಿ ನಮ್ಮ ಹತ್ರವೇ ಬರ್ತಿತ್ತು. ಬೆನ್ನು ನೆಟ್ಟಗೆ. ಮೈಭಾರವೆಲ್ಲ ಸೀಟಿಗೆ, ಸೀಟಿನ ಕೆಳಗೆ ದಪ್ಪ ದಪ್ಪ ಸ್ಪ್ರಿಂಗು. ಕೈ ಇರ್ತಿದ್ದದ್ದು ದಾರಿ ತೋರಿಸೋಕೆ, ಬೆಲ್ ಹೊಡೆಯೋಕೆ, ಎದುರಿಗೆ ಬಂದವರಿಗೆ ನಮಸ್ಕಾರ ಮಾಡೋಕೆ. ಈಗ ನಿಮ್ಮದನ್ನು ನೋಡಿ. ಹ್ಯಾಂಡಲ್ ಒಂದು ನೇರ ಕೋಲು, ಸೀಟಿನ ಮಟ್ಟಕ್ಕೇ ಇದೆ, ಒಂದು ಮೊಳ ದೂರದಲ್ಲಿ. ಅದನ್ನು ಹಿಡಿಯೋಕೆ ನೀವು ಮುಂದಕ್ಕೆ ಚಾಚಿಕೊಂಡು ಬಗ್ಗಬೇಕು. ಬಗ್ಗಿದ ಮೇಲೆ ಎದೆ, ತಲೆ, ಹೆಲ್ಮೆಟ್ಟು, ಬೆನ್ನಿನ ಮೇಲಿನ ಚೀಲ ಎಲ್ಲದರ ಭಾರ ಎಲ್ಲಿಗೆ ಹೋಗುತ್ತೆ? ಎರಡು ಅಂಗೈಗೆ. ಕೈಯನ್ನು ಕಾಲು ಮಾಡಿಕೊಂಡಿದ್ದೀರಿ ನೀವು.

ಗಾಳಿ ಸೀಳಿಕೊಂಡು ಜೋರಾಗಿ ಹೋಗೋಕೆ ಬಗ್ಗಲೇಬೇಕು, ಅದು ಸರಿ. ನೀವು ಗಾಳಿ ಸೀಳಿಕೊಂಡು ಹೋಗ್ತಿರೋದು ಎಲ್ಲಿಗೆ? ಲಲಿತ ಮಹಲ್ ರಸ್ತೆ ತನಕ, ಅಲ್ಲಿಂದ ಕಾಫಿಗೆ. ಇರಲಿ, ತಗೊಂಡಾಗಿದೆ. ಮಾರೋದು ಬೇಡ, ಸರಿ ಮಾಡೋಣ.

ಸೀಟು ನೋಡಿ. ಮೂತಿ ಕೆಳಗೆ ಬಾಗಿದೆ. ನೀವೇ ಬಗ್ಗಿಸಿದ್ದಾ? ನನಗೆ ಗೊತ್ತಿತ್ತು. ಕೂತ ಜಾಗ ನೋಯುತ್ತೆ ಅಂತ ಎಲ್ಲ ಗಂಡಸರೂ ಮೊದಲು ಮಾಡೋ ಕೆಲಸ ಇದೇ. ಆಮೇಲೆ ಏನಾಗುತ್ತೆ ಅಂದ್ರೆ, ತುಳಿದ ಹಾಗೆಲ್ಲ ಮುಂದಕ್ಕೆ ಜಾರ್ತೀರಿ, ಜಾರಿದ್ದನ್ನು ಕೈಯಿಂದ ಹಿಂದಕ್ಕೆ ತಳ್ತೀರಿ, ಮತ್ತೆ ಜಾರ್ತೀರಿ. ಗಂಟೆಗಟ್ಟಲೆ ಹ್ಯಾಂಡಲ್ ಮೇಲೆ ದಂಡ ಹೊಡೆದ ಲೆಕ್ಕ. ಅದರ ಬಿಲ್ಲು ಕಿರುಬೆರಳಿಗೆ ಬರುತ್ತೆ. ಗಾರೆ ಕೆಲಸದವರ ರಸಮಟ್ಟ ಸೀಟಿನ ಮೇಲೆ ಉದ್ದಕ್ಕೆ ಇಟ್ಟು ನೋಡಿ, ಗುಳ್ಳೆ ನಡುವೆ ನಿಲ್ಲಬೇಕು. ಅಷ್ಟಕ್ಕೇ ಅರ್ಧ ಜನರ ಜೋಮು ಬಿಡುತ್ತೆ ಅಂತ ನನ್ನ ನಂಬಿಕೆ. ಮಟ್ಟ ಮಾಡಿದ ಮೇಲೂ ಕೂತ ಜಾಗ ನೋಯುತ್ತೆ ಅಂದ್ರೆ ಸೀಟಿನ ಅಗಲ ನಿಮಗೆ ಒಗ್ಗಿಲ್ಲ ಅಂತ. ಬೇರೆ ಸೀಟು ಹಾಕಿಸಿ, ಮೂತಿ ಬಗ್ಗಿಸಬೇಡಿ.

ಇನ್ನೊಂದು ಸ್ವಲ್ಪ ತಲೆಕೆಳಗಾದ ವಿಷಯ, ನಿಧಾನವಾಗಿ ಕೇಳಿ. ಹ್ಯಾಂಡಲ್ ದೂರ ಅನ್ನಿಸಿದ ತಕ್ಷಣ ಜನ ಸೀಟನ್ನು ಮುಂದಕ್ಕೆ ಸರಿಸ್ತಾರೆ. ಹತ್ರ ಆಯ್ತಲ್ಲ, ಕೈಗೆ ಸುಖ ಆಗಬೇಕು. ಆಗೋದಿಲ್ಲ, ಭಾರ ಇನ್ನೂ ಹೆಚ್ಚುತ್ತೆ. ನಂಬೋದಿಲ್ವಾ? ಆ ಗೋಡೆಗೆ ಬೆನ್ನು, ಹಿಮ್ಮಡಿ ಎರಡೂ ತಾಗಿಸಿ ನಿಂತು, ಬಗ್ಗಿ ಕಾಲ್ಬೆರಳು ಮುಟ್ಟಿ ನೋಡೋಣ. ಈಗಲೇ ಬೇಡ, ಮುಂದೆ ನನ್ನ ಗುಲಾಬಿ ಕುಂಡ ಇದೆ, ಅದರ ಮೇಲೇ ಬೀಳ್ತೀರಿ. ಮನುಷ್ಯ ಮುಂದಕ್ಕೆ ಬಗ್ಗಬೇಕಾದರೆ ಸೊಂಟ ಹಿಂದಕ್ಕೆ ಹೋಗಲೇಬೇಕು, ಆಗ ತೂಕ ಸಮ. ಗೋಡೆ ಅಡ್ಡ ಇದ್ದರೆ ಸೊಂಟಕ್ಕೆ ಜಾಗ ಇಲ್ಲ, ಮುಗ್ಗರಿಸ್ತೀವಿ. ಸೀಟು ಪೆಡಲಿಗೆ ತೀರ ಹತ್ರ ಇದ್ದರೂ ಅದೇ ಕಥೆ. ಮುಗ್ಗರಿಸಬೇಕಾದ ಮೈಯನ್ನು ಕೈ ಎರಡೂ ತಡೆದು ನಿಲ್ಲಿಸ್ತಿರುತ್ತೆ, ಅಷ್ಟೇ. ಆದ್ದರಿಂದ ಸೀಟು ಹಿಂದಕ್ಕೆ, ಹ್ಯಾಂಡಲ್ ಹತ್ತಿರಕ್ಕೆ. ಹ್ಯಾಂಡಲನ್ನು ಫೋರ್ಕಿಗೆ ಸೇರಿಸೋ ಈ ಕತ್ತಿನ ಭಾಗ ಇದೆಯಲ್ಲ, ಸ್ಟೆಮ್ ಅಂತಾರೆ, ಗಿಡ್ಡದು ಬೇಕಾದರೆ ಸಿಗುತ್ತೆ. ನಿಮ್ಮದನ್ನು ಬಿಚ್ಚಿ ತಿರುಗಿಸಿ ಹಾಕಿದರೂ ಹ್ಯಾಂಡಲ್ ಸ್ವಲ್ಪ ಮೇಲೆ ಬರುತ್ತೆ, ಕಾಸಿನ ಖರ್ಚಿಲ್ಲ.

ಸರಿಯಾಯಿತೋ ಇಲ್ಲವೋ ಅಂತ ನೋಡೋಕೆ, ಖಾಲಿ ರಸ್ತೆಯಲ್ಲಿ ಸಮವಾಗಿ ತುಳೀತಾ ಅಂಗೈ ಎರಡನ್ನೂ ಹ್ಯಾಂಡಲಿನಿಂದ ಒಂದು ಕೂದಲೆಳೆ ಎತ್ತಿ. ಮೈ ಹಾಗೇ ನಿಂತರೆ ಸರಿ. ದಬಕ್ಕನೆ ಮುಂದೆ ಬಿದ್ದರೆ ಸೀಟು ಇನ್ನೂ ಹಿಂದೆ ಹೋಗಬೇಕು. ಎರಡೂ ಕೈ ಬಿಟ್ಟು ಹುಡುಗರ ಹಾಗೆ ಎದೆ ಸೆಟೆಸಿಕೊಂಡು ಹೋಗಿ ಅಂತ ನಾನು ಹೇಳಲಿಲ್ಲ, ನೆನಪಿರಲಿ.

ಅಂದ ಹಾಗೆ, ತುಳಿಯೋದೂ ಕೈಗೆ ಸಹಾಯ ಮಾಡುತ್ತೆ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ರೇಸಿಗೆ ಬಂದಾಗ ನೋಡಿ. ಸೈಕಲ್ ಮೇಲೆ ಮಲಗಿದ ಹಾಗೇ ಇರ್ತಾರೆ, ನಿಮಗಿಂತ ಎಷ್ಟೋ ಬಗ್ಗಿ. ಆದರೂ ಕೈ ಹಗುರ. ಯಾಕಂದ್ರೆ ಪೆಡಲನ್ನು ಅಷ್ಟು ಬಲವಾಗಿ ಅದುಮುವಾಗ ಆ ಒತ್ತೇ ಮೈಯನ್ನು ಮೇಲಕ್ಕೆ ಎತ್ತಿ ಹಿಡಿದಿರುತ್ತೆ. ಹೊಟ್ಟೆ, ಸೊಂಟದ ಸ್ನಾಯುಗಳೂ ಬಿಗಿಯಾಗಿರುತ್ತವೆ. ನೀವು ಗೆಳೆಯರ ಜೊತೆ ಸೊಸೆ ವಿಚಾರ, ಪೆನ್ಷನ್ ವಿಚಾರ ಮಾತಾಡ್ತಾ ಹಗುರವಾಗಿ ತುಳೀತೀರಲ್ಲ, ಆಗಲೇ ಭಾರ ಪೂರ್ತಿ ಕೈಗೆ. ಹರಟೆ ಹೊಡೆಯೋವರಿಗೇ ಜೋಮು ಜಾಸ್ತಿ! ನನ್ನ ಮುಖ ಯಾಕೆ ನೋಡ್ತೀರಿ, ನಾನು ಹರಟೆ ಹೊಡೆಯೋದು ನಿಂತುಕೊಂಡು.

ಟೈರ್ ಒತ್ತಿ ನೋಡ್ತೀನಿ, ತಾಳಿ. ಅಬ್ಬಾ, ಕಲ್ಲು. ಎಷ್ಟು ಹೊಡೆಸಿದ್ದೀರಿ? 85 ಪೌಂಡ್? ಟೈರಿನ ಪಕ್ಕದಲ್ಲಿ ಬರೆದಿದೆ ಅಂತಲಾ? ಅದು ಇದಕ್ಕಿಂತ ಮೇಲೆ ಹೋಗಬೇಡಿ ಅಂತ ಬರೆದಿರೋ ಗಡಿ, ಇಷ್ಟೇ ಹಾಕಿ ಅನ್ನೋ ಅಪ್ಪಣೆಯಲ್ಲ. 32 ಮಿಲಿಮೀಟರ್ ಟೈರು, ನಿಮ್ಮ ತೂಕ 70ರ ಆಸುಪಾಸು, ಹಾಗಾದ್ರೆ 50ರಿಂದ 60 ಪೌಂಡ್ ಧಾರಾಳ. ಮುಂದಿನದಕ್ಕೆ ಹಿಂದಿನದಕ್ಕಿಂತ ಸ್ವಲ್ಪ ಕಡಿಮೆ. ನಮ್ಮ ರಸ್ತೆ ಗೊತ್ತಲ್ಲ? ಪೈಪ್ ಹಾಕೋಕೆ ಅಗೆದು ಮುಚ್ಚಿದ ಗೆರೆ, ಕೇಬಲ್ಲಿಗೆ ಅಗೆದ ಗೆರೆ, ಹಂಪು, ಹಂಪಿನ ಪಕ್ಕ ಗುಂಡಿ. ಅದರ ನಡುಕವೆಲ್ಲ ಕಲ್ಲಾದ ಟೈರಿನಿಂದ ಫೋರ್ಕಿಗೆ, ಫೋರ್ಕಿನಿಂದ ಅಂಗೈಗೆ. ಟೈರಿನೊಳಗಿನ ಗಾಳಿ ಇರೋದೇ ನಮ್ಮ ಬದಲು ಆ ಪೆಟ್ಟು ತಿನ್ನೋಕೆ. ಗಾಳಿ ತುಂಬಿದ ಟೈರ್ ತಂದ ಡನ್‌ಲಪ್ ಯಾರು ಗೊತ್ತಲ್ಲ? ಬೆಲ್‌ಫಾಸ್ಟಿನಲ್ಲಿದ್ದ ಸ್ಕಾಟ್ಲೆಂಡಿನ ದನದ ಡಾಕ್ಟರು. ಮಗನ ಮೂರು ಗಾಲಿ ಸೈಕಲ್ ಕುಲುಕಾಡುತ್ತೆ ಅಂತ ರಬ್ಬರ್ ಕೊಳವೆಗೆ ಗಾಳಿ ಊದಿ ಸುತ್ತಿದರು, 1888ರಲ್ಲಿ ಪೇಟೆಂಟ್ ತಗೊಂಡರು. ಮೂತ್ರದ ಡಾಕ್ಟರು ನರದ ಹಾದಿ ಹೇಳಿದರು, ದನದ ಡಾಕ್ಟರು ಪರಿಹಾರ ಹೇಳಿದರು. ನಮ್ಮ ಕೈಯ ಯೋಗ ಹಾಗಿದೆ.

ರೇಸಿನವರಿಗೂ ಈ ಬುದ್ಧಿ ಬಂದದ್ದು ತಡವಾಗಿ. ಬಹಳ ವರ್ಷ 23 ಮಿಲಿಮೀಟರಿನ ದಾರದಂಥ ಟೈರೇ ವೇಗ ಅಂತ ನಂಬಿದ್ದರು. ಈಗ 28, 30ಕ್ಕೆ ಬಂದಿದ್ದಾರೆ, ವೇಗವೇನೂ ಕಡಿಮೆಯಾಗಿಲ್ಲ. ಫ್ರಾನ್ಸಿನಲ್ಲಿ ಪ್ಯಾರಿಸ್-ರೂಬೆ ಅಂತ ಒಂದು ರೇಸ್ ಇದೆ, 1896ರಿಂದ ನಡೀತಿರೋದು. ಇನ್ನೂರೈವತ್ತು ಕಿಲೋಮೀಟರಿನ ಮೇಲೆ ದಾರಿ, ಅದರಲ್ಲಿ ಐವತ್ತಕ್ಕೂ ಹೆಚ್ಚು ಹಳೇ ಕಾಲದ ಕಲ್ಲು ಹಾಸಿದ ಹೊಲದ ರಸ್ತೆ. ಮುಗಿಸಿ ಬಂದವರ ಅಂಗೈ ನೋಡಬೇಕು, ಬೊಬ್ಬೆ ಬಂದು ಒಡೆದಿರುತ್ತೆ. ಹ್ಯಾಂಡಲಿಗೆ ಟೇಪನ್ನು ಎರಡೆರಡು ಸುತ್ತು ಸುತ್ತುತಾರೆ, ಟೈರ್ ಅಗಲ ಮಾಡ್ತಾರೆ, ಗಾಳಿ ಇಳಿಸ್ತಾರೆ. ಇಷ್ಟೆಲ್ಲ ಪಟ್ಟು ಗೆದ್ದವರಿಗೆ ಬಹುಮಾನ ಏನು ಕೊಡ್ತಾರೆ ಅಂತೀರಿ? ಪೀಠದ ಮೇಲೆ ಕೂರಿಸಿದ ಅದೇ ರಸ್ತೆಯ ಒಂದು ಕಲ್ಲು!

ಬ್ರೇಕ್ ಹಿಡಿದು ತೋರಿಸಿ. ನೋಡಿ, ಮಣಿಕಟ್ಟು ಹಿಂದಕ್ಕೆ ಮುರಿದ ಹಾಗೆ ಮಡಚಿದೆ. ಲಿವರು ನೆಲಕ್ಕೆ ಸಮನಾಗಿ ಚಾಚಿಕೊಂಡಿದೆ, ಅದಕ್ಕೇ. ಮೊಣಕೈಯಿಂದ ಬೆರಳ ತನಕ ಒಂದೇ ಗೆರೆ ಬರೋ ಹಾಗೆ ಲಿವರನ್ನು ಕೆಳಗೆ ತಿರುಗಿಸಬೇಕು. ಹೆಬ್ಬೆರಳ ಕಡೆ ಜೋಮು ಬರೋವರಿಗೆ ಈ ಮಡಚಿದ ಮಣಿಕಟ್ಟೇ ಮೊದಲ ಗುಮಾನಿ. ಮತ್ತೆ ನಿಮ್ಮ ಬೆರಳು ಗಿಡ್ಡ, ಬೇಜಾರು ಮಾಡ್ಕೋಬೇಡಿ, ಲಿವರಿಗೆ ಎಟುಕೋಕೆ ಅಂಗೈ ಬುಡವನ್ನೇ ಬಾರಿಗೆ ಒತ್ತಿ ಚಾಚ್ತೀರಿ. ಇಲ್ಲಿ ಒಂದು ಸಣ್ಣ ಸ್ಕ್ರೂ ಇದೆ ನೋಡಿ, ತಿರುಗಿಸಿದರೆ ಲಿವರ್ ಹತ್ರ ಬರುತ್ತೆ. ಚಾಮುಂಡಿ ಬೆಟ್ಟ ಹತ್ತುವಾಗ ಕಾಲು ನೋಯುತ್ತೆ, ಇಳಿಯುವಾಗ ಕೈ ನೋಯುತ್ತೆ ಅಂತ ಎಲ್ಲರೂ ಅನ್ನೋದು ಇದಕ್ಕೇ. ಇಳಿಜಾರಿನಲ್ಲಿ ಭಾರ ಮುಂದಕ್ಕೆ ಬಂತು, ಬ್ರೇಕ್ ಬೇರೆ ಹಿಡಿದೇ ಇದ್ದೀರಿ, ತಿರುವಿನಲ್ಲಿ ಕೋತಿ ಎದುರಾದರೆ ಇನ್ನೂ ಬಿಗಿ. ಒಂದೇ ಸಮ ಹಿಡಿಯೋ ಬದಲು ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ನಿಧಾನ ಮಾಡಿ, ನೇರ ಸಿಕ್ಕಾಗ ಬಿಟ್ಟು ಬೆರಳಿಗೆ ಉಸಿರಾಡೋಕೆ ಬಿಡಿ.

ಹಿಡಿತದ ಮಾತು ಬಂತಲ್ಲ. ಸಾಲ ತಗೊಂಡವನ ಕೊರಳ ಪಟ್ಟಿ ಹಿಡಿದಂತೆ ಹ್ಯಾಂಡಲ್ ಹಿಡೀಬೇಡಿ. ಅದು ಎಲ್ಲಿಗೂ ಓಡಿಹೋಗೋದಿಲ್ಲ. ಮೊಣಕೈ ಸ್ವಲ್ಪ ಬಗ್ಗಿರಲಿ, ಹೆಗಲು ಕಿವಿಯಿಂದ ಕೆಳಗೆ ಇಳಿಯಲಿ. ಹಂಪ್ ಬಂದಾಗ ಎರಡೂ ಪೆಡಲ್ ಸಮ ಮಾಡಿ ಸೀಟಿನಿಂದ ಒಂದು ಗೇಣು ಎದ್ದರೆ ಆಯ್ತು, ಪೆಟ್ಟು ಕಾಲಿಗೆ ಹೋಗುತ್ತೆ. ಕಾಲಿಗೆ ಅದು ಲೆಕ್ಕವೇ ಅಲ್ಲ. ಎಲ್ಲಕ್ಕಿಂತ ಮುಖ್ಯ, ಕೈ ಒಂದೇ ಕಡೆ ಇಡಬೇಡಿ. ಕೆಳಗೆ ಸುರುಳಿ ಬಾಗಿದ ರೇಸ್ ಹ್ಯಾಂಡಲ್ ನೋಡಿದರೆ ನಿಮಗೆ ಹೆದರಿಕೆ; ಆದರೆ ಅದರಲ್ಲಿ ಕೈ ಇಡೋಕೆ ಮೂರು ನಾಲ್ಕು ಜಾಗ ಇದೆ, ಅಂಗೈಗಳು ಒಂದಕ್ಕೊಂದು ಎದುರಾಗಿ ಇರುತ್ತವೆ, ಕೈ ಜೋತು ಬಿಟ್ಟಾಗ ಇರೋ ಹಾಗೇ. ನಿಮ್ಮ ನೇರ ಕೋಲಿನಲ್ಲಿ ಇರೋದು ಒಂದೇ ಜಾಗ. ತುದಿಗೆ ಎರಡು ಕೊಂಬು ಸಿಗುತ್ತೆ, ಹಾಕಿಸಿಕೊಳ್ಳಿ, ಆಗಾಗ ಅದನ್ನು ಹಿಡೀಬಹುದು. ಅಂಗೈ ಬುಡಕ್ಕೆ ಅಗಲವಾಗಿ ಹಲಗೆ ಕೊಟ್ಟ ಹಾಗಿರೋ ಹಿಡಿ ಬರುತ್ತೆ, ಅದೂ ಒಳ್ಳೇದು, ಒತ್ತು ಒಂದೇ ಬಿಂದುವಿಗೆ ಬೀಳದೆ ಹರಡುತ್ತೆ.

ಗ್ಲೌಸಾ? ನಿಮ್ಮ ಮಗ ಆನ್‌ಲೈನಲ್ಲಿ ತರಿಸಿಕೊಡ್ತಾನಂತಾ? ತರಿಸಲಿ, ಬೇಡ ಅನ್ನೋದಿಲ್ಲ. ಬಿದ್ದಾಗ ಅಂಗೈ ಉಳಿಯುತ್ತೆ, ಬೆವರಿಗೆ ಜಾರೋದಿಲ್ಲ. ಜೋಮಿಗೆ ಅದು ಕೊನೇ ಉಪಾಯ, ಅಂಗಡಿಯಲ್ಲಿ ಮೊದಲು ತೋರಿಸೋದು ಮಾತ್ರ ಅದನ್ನೇ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒತ್ತಡ ಅಳೆದು ನೋಡಿದ್ದಾರೆ: ಪ್ಯಾಡ್ ಇರೋ ಗ್ಲೌಸ್ ಕಿರುಬೆರಳ ಬುಡದ ಒತ್ತಡವನ್ನು ಶೇ. 10ರಿಂದ 28ರಷ್ಟು ಇಳಿಸಿತು. ಮಿಕ್ಕದ್ದು ಹಾಗೇ ಇತ್ತು ಅಂತಾಯ್ತಲ್ಲ? ತಗೊಳ್ಳುವಾಗ ಪ್ಯಾಡು ಎಲ್ಲಿದೆ ನೋಡಿ. ಆ ಸಂದಿಯ ಅಕ್ಕಪಕ್ಕ ಇರಬೇಕು, ನಡುವೆ ಕಾಲುವೆ ಬಿಟ್ಟಿರಬೇಕು. ಹಾಸಿಗೆ ದಪ್ಪ ಇದ್ದರೆ ಸುಖ ಅಂದುಕೋಬೇಡಿ; ದಪ್ಪ ಆದಷ್ಟೂ ಬಿಗಿಯಾಗಿ ಹಿಡೀತೀರಿ.

ಇದು ನಿಮ್ಮೊಬ್ಬರ ಸಂಕಟ ಅಂತ ತಿಳೀಬೇಡಿ. 2003ರಲ್ಲಿ ಬಂದ ಇನ್ನೊಂದು ಅಧ್ಯಯನ, ನಾಲ್ಕು ದಿನದಲ್ಲಿ 600 ಕಿಲೋಮೀಟರ್ ತುಳಿದ 25 ಜನರನ್ನು ಮುಂಚೆ, ಆಮೇಲೆ ಎರಡೂ ಸಲ ಪರೀಕ್ಷಿಸಿದ್ದು. ಅದರಲ್ಲಿ 23 ಜನಕ್ಕೆ ಜೋಮೋ ಬೆರಳಿನ ನಿಶ್ಶಕ್ತಿಯೋ ಎರಡೂವೋ ಇತ್ತು. ಬೆಂಗಳೂರಿನಿಂದ ಬ್ರೆವೆ ಅನ್ನೋ ದೂರದ ಸೈಕಲ್ ಸವಾರಿಗೆ ಹೋಗೋ ಹುಡುಗರು ಅದೇ 600 ಕಿಲೋಮೀಟರನ್ನು 40 ಗಂಟೆಯಲ್ಲಿ ಮುಗಿಸಬೇಕು. ಅವರ ಕೈ ಕಥೆ ಊಹಿಸಿ. ಮುಗಿಸಿ ಬಂದು ವಾರಗಟ್ಟಲೆ ಮೊಬೈಲ್ ಒತ್ತೋಕೆ ಬೆರಳು ಬರೋದಿಲ್ಲ ಅಂತಾರೆ, ಮುಂದಿನ ತಿಂಗಳು ಮತ್ತೆ ಹೆಸರು ಕೊಡ್ತಾರೆ. ಅವರಿಗೆ ಬುದ್ಧಿ ಹೇಳೋದು ನನ್ನಿಂದಾಗದು.

ಸರಿ, ಬಿಸಿಲೇರ್ತಾ ಇದೆ. ನಾಳೆ ಬೆಳಿಗ್ಗೆ ಸೀಟಿಗೇ ಮೊದಲು ಕೈ ಹಾಕೋಣ. ಹಳೇ ಜಾಗಕ್ಕೆ ಕರೆಂಟ್ ಟೇಪ್ ಅಂಟಿಸಿ ಗುರುತು ಮಾಡಿ, ಕೆಟ್ಟರೆ ವಾಪಸ್ ಬರೋಕೆ ದಾರಿ ಬೇಕು. ಮೂತಿ ಮಟ್ಟ, ಆಮೇಲೆ ಅರ್ಧ ಸೆಂಟಿಮೀಟರ್ ಹಿಂದಕ್ಕೆ, ಅಷ್ಟೇ. ಹಿಂದಕ್ಕೆ ಸರಿಸಿದಾಗ ಪೆಡಲ್ ದೂರ ಆಗುತ್ತೆ, ಅದಕ್ಕೆ ಸೀಟು ಒಂದು ಚೂರು ಇಳಿಸಬೇಕು, ಇಲ್ಲದಿದ್ದರೆ ಮಂಡಿ ಜಗಳಕ್ಕೆ ಬರುತ್ತೆ. ಒಂದು ಸಲಕ್ಕೆ ಒಂದೇ ಬದಲಾವಣೆ, ನಾಲ್ಕು ದಿನ ತುಳಿದು ನೋಡಿ ಆಮೇಲೆ ಇನ್ನೊಂದು. ರಸಮಟ್ಟ ನನ್ನ ಹತ್ರ ಇದೆ. ಅಲೆನ್ ಕೀ ಸೆಟ್ಟು? ಅದು ನಿಮ್ಮ ಮನೇಲೇ ಇದೆಯಲ್ರೀ, ಮಂಚ ಜೋಡಿಸೋಕೆ ಅಂತ ತಗೊಂಡು ಹೋದದ್ದು. ಹೋದ ದೀಪಾವಳಿಗೆ.